ಅರಬಿಯಲ್ಲಿ ‘ಗ’ ಇಲ್ಲ

ಅಜ್ಮಾನಿನ ಮೀನುಪೇಟೆಯ ಹಿಂದೆ
ನಮ್ಮ ಟೈಪಿಂಗ್ ಸೆಂಟರ್. ಎರಡು ಕುರ್ಚಿ,
ಒಂದು ಲ್ಯಾಮಿನೇಷನ್ ಯಂತ್ರ, ನಾನು.
ಆಗಿನ್ನೂ ಎಲ್ಲ ಕಾಗದದ ಮೇಲೇ ನಡೆಯುತ್ತಿತ್ತು.

ಅರಬಿಯಲ್ಲಿ ‘ಗ’ ಇಲ್ಲ.
ಜೀಮ್ ಹಾಕಬಹುದು, ಘೈನ್ ಹಾಕಬಹುದು,
ಕೆಲವರು ಕಾಫ್ ಹಾಕಿ ಕೈತೊಳೆದುಕೊಳ್ಳುತ್ತಾರೆ.
ನನ್ನ ಊರು ಗಂಗೊಳ್ಳಿ. ಇಲ್ಲಿಯ ದಾಖಲೆಯಲ್ಲಿ
ನಾನು ಹುಟ್ಟಿದ್ದು ಜಂಜೊಳ್ಳಿಯಲ್ಲಿ.
ಮೊದಮೊದಲು ನಗು ಬರುತ್ತಿತ್ತು.

ಫೆಬ್ರವರಿಯಲ್ಲಿ ಏಜೆನ್ಸಿಯ ವ್ಯಾನು ನಾಲ್ವರನ್ನು ಇಳಿಸಿತು.
ಇಥಿಯೋಪಿಯಾದ ಇಬ್ಬರು, ನೇಪಾಳದವಳೊಬ್ಬಳು, ಮತ್ತೆ ಅವಳು.
ನಾಲ್ಕು ಪಾಸ್‌ಪೋರ್ಟಿಗೆ ಒಂದೇ ರಬ್ಬರ್ ಬ್ಯಾಂಡ್.
ಗಂಗುಲಮ್ಮ, ಬಾಗೇಪಲ್ಲಿ. ಪ್ರಾಯ ಮೂವತ್ತೊಂದು ಅಂತಿತ್ತು.
ಇಪ್ಪತ್ತನಾಲ್ಕು ದಾಟಿರಲಿಲ್ಲ.
ಮೂವತ್ತು ತುಂಬದವಳನ್ನು ಮನೆಗೆಲಸಕ್ಕೆ ಹತ್ತಿಸಲು ಬಿಡರೆಂದು
ಚಿಂತಾಮಣಿಯಲ್ಲಿ ಯಾರೋ ಒಂದೇ ರಾತ್ರಿಯಲ್ಲಿ
ಅವಳಿಗೆ ಏಳು ವರ್ಷ ತುಂಬಿಸಿದ್ದರು.

‘ಕೂತ್ಕೊಳ್ಳಿ’ ಅಂದೆ. ಅಷ್ಟೇ.
ಕತ್ತಲ ಕೋಣೆಯಲ್ಲಿ ಸ್ವಿಚ್ಚು ಕೈಗೆ ತಾಗಿದವಳಂತೆ ನೋಡಿದಳು.
ನಾನು ಜೀಮ್ ಒತ್ತಿದೆ. ಜಂಜುಲಮ್ಮ.
ಸಂಬಳದ ಕಾಲಮಿಗೆ ಅವರು ಹೇಳಿದ ಅಂಕಿ,
ಊರಲ್ಲಿ ಅವಳಿಗೆ ಹೇಳಿದ್ದರ ಅರ್ಧ.
ಓದಿ ಹೇಳಿ ಅಂತ ಅವಳು ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಹೆಬ್ಬೆಟ್ಟಿನ ಶಾಯಿ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟೆ.
ಅದನ್ನೇ ದಯೆ ಅಂದುಕೊಂಡಿದ್ದೆ.

ಲೆಕ್ಕ ಗೊತ್ತಾದದ್ದು ಆಮೇಲೆ.
ಅವಳನ್ನು ಒಪ್ಪಿಸಿದ ನಾದಿನಿಗೆ ಎಂಟು ಸಾವಿರ;
ಹೊಲಿಗೆ ಯಂತ್ರ ಕೊಂಡಳಂತೆ.
ಮುಖ ನೋಡದೆ ಮೊಹರು ಒತ್ತಿದವನಿಗೆ ಎಷ್ಟೋ, ತಿಳಿಯದು.
ಏಜೆನ್ಸಿಗೆ ಕಫೀಲ ಕಟ್ಟಿದ್ದು ಏಳು ಸಾವಿರ ದಿರ್ಹಮ್.
ಮನೆಯಲ್ಲಿ ಅವಳಿ ಮಕ್ಕಳು, ಹಾಸಿಗೆ ಹಿಡಿದ ತಾಯಿ,
ಅವನೂ ಬ್ಯಾಂಕಿನಲ್ಲಿ ಸಾಲ ಎತ್ತಿದ್ದ.
ನನಗೆ ನಲವತ್ತು, ಜೆರಾಕ್ಸು ಬೇರೆ.
ಒಬ್ಬ ರಾಕ್ಷಸ ಸಿಕ್ಕಿದ್ದರೆ ಸುಲಭವಿತ್ತು.
ಹುಡುಕುತ್ತ ಹೋದರೆ ಎಲ್ಲ ಕಡೆ ರಸೀದಿ.

ಆಗಸ್ಟಿನ ಒಂದು ಶುಕ್ರವಾರ, ನಮಾಜಿನ ಹೊತ್ತು,
ಅರ್ಧ ಇಳಿಸಿದ ಶಟರಿನ ಕೆಳಗೆ ಎರಡು ಪಾದ.
ಒಂದಕ್ಕೆ ಮಾತ್ರ ಚಪ್ಪಲಿ.
ಇಡೀ ದೇಶದಲ್ಲಿ ಅವಳಿಗೆ ಗೊತ್ತಿದ್ದ ವಿಳಾಸ
‘ಕೂತ್ಕೊಳ್ಳಿ’ ಅಂದ ಅಂಗಡಿ.
ಇದು ಯಾವ ತಿಂಗಳು ಅಂತ ಕೇಳಿದಳು.
ಹೇಳಿದೆ. ಬೆರಳು ಮಡಿಸಿ ಎಣಿಸಿದಳು, ಬಿಚ್ಚಿ ಮತ್ತೆ ಎಣಿಸಿದಳು.
ಆರು ತಿಂಗಳು. ಸಂಬಳ ಒಂದು.

ಸಂಜೆ ಕಫೀಲನೇ ಬಂದ.
ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ.
‘ಓಡಿಹೋದಳು, ದೂರು ಬರಿ.
ದುಡ್ಡು ಕೊಟ್ಟು ತಂದದ್ದು’ ಅಂದ, ಎರಡು ಸಲ.
ಪ್ಲೈವುಡ್ಡಿನ ಆಚೆ, ನೀರಿನ ಕ್ಯಾನುಗಳ ನಡುವೆ
ಒಂದು ಉಸಿರು ನಿಂತಿತು.

ಒಲ್ಲೆ ಅಂದರೆ ಪಕ್ಕದ ಅಂಗಡಿಯಲ್ಲಿ ಬರೆದುಕೊಡುತ್ತಾರೆ.
ಬೆರಳು ಜೀಮಿನ ಮೇಲೆ ಹೋಯಿತು,
ಸರಿಯಿತು,
ಘೈನ್ ಒತ್ತಿತು.
ಜಂಜುಲಮ್ಮಳ ಕಡತಕ್ಕೆ ಘಂಘುಲಮ್ಮ ಯಾರೋ.
ತಿದ್ದಿಸಿಕೊಂಡು ಬಾ ಅಂತ ಕೌಂಟರಿನವ ಅಟ್ಟುತ್ತಾನೆ:
ಎರಡು ದಿನ, ಹೆಚ್ಚೆಂದರೆ ಮೂರು.
ಅಷ್ಟರಲ್ಲಿ ದುಬೈಯ ಕಾನ್ಸುಲೇಟಿನ ಗೇಟು ಮುಟ್ಟಬಹುದು.
ಮುಟ್ಟದೆಯೂ ಇರಬಹುದು.

ಅವನು ನಲವತ್ತು ಎಣಿಸಿ ಕೊಟ್ಟ. ತಗೊಂಡೆ.
ಅದೇ ಹಣ ಅವಳ ಟ್ಯಾಕ್ಸಿಗಾಯಿತು ಅಂದರೆ ಕತೆ ಚೆಂದ.
ಟ್ಯಾಕ್ಸಿಗೆ ಬೇರೆ ಕೊಟ್ಟೆ. ಈ ನಲವತ್ತು ಡ್ರಾಯರಿನಲ್ಲಿ
ಫೆಬ್ರವರಿಯ ನಲವತ್ತರ ಜೊತೆ ಬೆರೆತುಹೋಯಿತು.

ಹೊರಡುವಾಗ, ‘ನನ್ನ ಹೆಸರು ಬರೆದುಕೊಡಿ, ನಮ್ಮ ಅಕ್ಷರದಲ್ಲಿ’ ಅಂದಳು.
ಓದು ಬಾರದವಳು.
ಫೋಟೊ ಕವರಿನ ಹಿಂದೆ ಬರೆದೆ.
ಕೈಯಾರೆ ‘ಗ’ ಬರೆದು ಎಷ್ಟು ಕಾಲವಾಗಿತ್ತೋ,
ಅರ್ಧ ಇಳಿಸಿದ ಶಟರಿನಂತೆ
ಕೆಳಗೆ ತೆರೆದೇ ಇರುವ ಅಕ್ಷರ.

ಸೋಮವಾರ ವ್ಯಾನು ಬಂತು.
ರಬ್ಬರ್ ಬ್ಯಾಂಡಿನಲ್ಲಿ ಈ ಸಲ ಐದು.
‘ಕೂತ್ಕೊಳ್ಳಿ’ ಅಂದೆ.
ಯಾರೂ ಕೂರಲಿಲ್ಲ.